ಬಾಲ ಕತ್ತರಿಸಿದ ಪ್ರಿನ್ಸ್ ಚಾರ್ಲಿ

ಎಣ್ಣೆಯ ಬೆಲೆ ನೆಲಕಚ್ಚಿದ ಎಂಬತ್ತಾರರಲ್ಲಿ ಕೊಲ್ಲಿ ದೇಶದ ರುವಿ ಪೇಟೆಯ ಒಂದು ಟೈಲರ್ ಅಂಗಡಿಗೂ ಕುತ್ತು ಬಂತು. ವೀಸಾ ಕೊಟ್ಟ ಒಡೆಯ, ಕಫೀಲ್ ಅಲಿ ಸುತ್ತಿಬಳಸದೆ ಹೇಳಿಬಿಟ್ಟಿದ್ದ: ಇಬ್ಬರು ಟೈಲರ್‌ಗಳಲ್ಲಿ ಇನ್ನು ಒಬ್ಬನೇ ಉಳಿಯುವುದು. ಒಬ್ಬ ಉಪ್ಪಿನಂಗಡಿಯ ಝುಬೈರ್, ಇನ್ನೊಬ್ಬ ಅದೇ ಊರಿನ, ಅರವತ್ತು ದಾಟಿದ ಮಮ್ಮದ್ ಕಾಕ. ಅಂದಿನಿಂದ ಝುಬೈರನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಅಷ್ಟರಲ್ಲಿ ಎಣ್ಣೆ ಕಂಪನಿಯ ಸ್ಕಾಟ್ಲೆಂಡಿನ ಎಂಜಿನಿಯರ್ ಮ್ಯಾಥ್ಯೂ ಬಂದ. ಕ್ಲಬ್ಬಿನ ರಾತ್ರಿಯೂಟಕ್ಕೆ ಅವನಿಗೊಂದು ಕೋಟು ಬೇಕಿತ್ತು, ಅವರ ಗಂಡಸರು ಉಡುವ ನೆರಿಗೆಯ ಕಿಲ್ಟಿನ ಮೇಲೆ ತೊಡುವಂಥದ್ದು. ಆ ಕೋಟುಗಳ ಗತ್ತು ನಮ್ಮ ಮದುಮಗನಿಗೂ ಇರಲಿಕ್ಕಿಲ್ಲ. ಹಿಂದೆ ಗಿಡ್ಡ ಬಾಲ, ಕಾಲರಿಗೆ ರೇಷ್ಮೆ ಇದ್ದರೆ ಅದು ಪ್ರಿನ್ಸ್ ಚಾರ್ಲಿ, ಸಂಜೆಯ ಮೇಲೆ ಮಾತ್ರ. ಬಾಲವಿಲ್ಲದೆ ಜೇಬಿಗೆ ಮುಚ್ಚಳವಿದ್ದರೆ ಆರ್ಗೈಲ್, ಹಗಲಿಗೂ ಆದೀತು. ಮ್ಯಾಥ್ಯೂ ಕೇಳಿದ್ದು ಪ್ರಿನ್ಸ್ ಚಾರ್ಲಿ.

ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ಕರೆಯುವುದು ಪದ್ಧತಿ. ಝುಬೈರ್ ಕರೆಯಲಿಲ್ಲ. ಮುಗಿದ ಕೋಟನ್ನು ಯಾರೂ ಬೇಡ ಅನ್ನಲಾರರು ಎಂದುಕೊಂಡು, ಭಯಕ್ಕೆ ಬಿದ್ದು, ಗುಂಡಿಯವರೆಗೂ ಹೊಲಿದು ತೂಗುಹಾಕಿದ.

ಮತ್ತೆ ಬಂದ ಮ್ಯಾಥ್ಯೂ ಕೋಟು ನೋಡಿ ಮಂಕಾದ. ಅವನ ಕೆಲಸ ಹೋಗಿತ್ತು, ಕ್ಲಬ್ಬಿನ ಊಟವೂ ರದ್ದು. ಶುಕ್ರವಾರ ಊರಿಗೆ ಹೊರಟಿದ್ದ. ಅಲ್ಲಿ ಮಗಳು ಜೇನ್‌ಳ ಮದುವೆ, ನಡುಮಧ್ಯಾಹ್ನ.

"ಆರ್ಗೈಲ್ ಮಾಡಿಸೋಣ ಅಂತ ಬಂದೆ. ಇರಲಿ, ಮುಗಿಸಿಬಿಟ್ಟಿದ್ದೀಯಲ್ಲ," ಎಂದು ಪರ್ಸಿಗೆ ಕೈಹಾಕಿದ.

ಝುಬೈರ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ತನ್ನ ಆತುರದ ಬಗ್ಗೆ ಅವನಿಗೆ ಎಲ್ಲಿಲ್ಲದ ನಾಚಿಕೆಯಾಯಿತು. "ತಪ್ಪು ನನ್ನದು ಸಾರ್. ಸಂಜೆ ಬನ್ನಿ, ಆರ್ಗೈಲ್ ಕೊಡ್ತೇನೆ," ಎಂದ.

"ಹಾಳಾದರೆ ವಿಮಾನ ಹತ್ತುವವನು ನೀನೇ," ಎಂದ ಅಲಿ.

"ಮುಗಿದ ಕೋಟ್‌ಗೆ ಯಾರಾದ್ರೂ ಕತ್ತರಿ ಹಾಕ್ತಾರಾ ಮಾರಾಯ? ನಿಂಗೆ ತಲೆ ಸಮ ಉಂಟಾ?" ಎಂದ ಮಮ್ಮದ್ ಕಾಕ.

ಝುಬೈರ್ ಬಾಲ ಕತ್ತರಿಸಿಯೇಬಿಟ್ಟ. ಅದೇ ಬಟ್ಟೆಯಲ್ಲಿ ಜೇಬಿನ ಮುಚ್ಚಳ ಮಾಡಿದ, ಕಾಲರಿನ ರೇಷ್ಮೆ ಬಿಚ್ಚಿ ಉಳಿದ ತುಂಡು ಕೂರಿಸಿದ. ಸಂಜೆ ಮ್ಯಾಥ್ಯೂ ಕನ್ನಡಿಯಲ್ಲಿ ತಿರುತಿರುಗಿ ನೋಡಿಕೊಂಡು, ಝುಬೈರನ ಎರಡೂ ಕೈ ಹಿಡಿದು ಕುಲುಕಿ ಹೋದ.

ಅಲಿ ಕೋಟಿನ ದುಡ್ಡು ಎಣಿಸಿ ಪೆಟ್ಟಿಗೆಗೆ ಹಾಕಿದ. ಆಮೇಲೆ ಹೇಳಿದ, "ಈ ಕೈಗೆ ದುಬೈಯಲ್ಲೂ ಅನ್ನ ಸಿಗುತ್ತದೆ, ಬೊಂಬಾಯಿಯಲ್ಲೂ ಸಿಗುತ್ತದೆ. ಮಮ್ಮದ್‌ಗೆ ಈ ವಯಸ್ಸಲ್ಲಿ ಯಾರು ಕೊಡುತ್ತಾರೆ? ನೀನು ಹೋಗು ಝುಬೈರ್. ಖಲಾಸ್."

ಕೆಟ್ಟರೂ ಹೋಗಬೇಕಿತ್ತು, ಗೆದ್ದರೂ ಹೋಗಬೇಕಾಯಿತು. ಕಾಕ ತಲೆ ಎತ್ತಲಿಲ್ಲ, ಸೂಜಿಯ ಕಣ್ಣು ಕಾಣದೆ ದಾರ ಹಿಡಿದು ಹೆಣಗುತ್ತಿದ್ದ. ಝುಬೈರ್ ಸೂಜಿ ಕಿತ್ತುಕೊಂಡು ದಾರ ಪೋಣಿಸಿ, ಸಿಟ್ಟಿನಲ್ಲೇ ಕೇಳಿದ:

"ಇನ್ನು ನಿಮ್ಗೆ ಇದನ್ನು ಯಾರು ಹಾಕಿ ಕೊಡುದು ಕಾಕ?"