ಹಗೇವಿನ ಬಿಲ್ಲೆ

ಹುಸೇನಬಾಷಾ ಬೋರಲು ಮಲಗಿ ತಲೆಯನ್ನು ಹಗೇವಿನ ಬಾಯೊಳಗೆ ಇಳಿಬಿಟ್ಟಿದ್ದ. ತಾವರಗೇರಾದ ಸಂತೆಯ ಅರ್ಧ ಮಂದಿ ಅವನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಉಳಿದರ್ಧ ಮಂದಿ ಈ ಅರ್ಧ ಮಂದಿಯ ಹೆಗಲ ಮೇಲಿಂದ ಇಣುಕುತ್ತಿದ್ದರು. ಉಳ್ಳಾಗಡ್ಡಿ ಮಾರುವ ಮುದಕಮ್ಮ ಎತ್ತಿದ ತಕ್ಕಡಿಯನ್ನು ಇಳಿಸಲು ಮರೆತಿದ್ದಳು. ನೆತ್ತಿಯ ಮೇಲೆ ಸೂರ್ಯ ಕಲ್ಲು ಕರಗಿಸುತ್ತಿದ್ದರೂ ಹಗೇವಿನೊಳಗೆ ಮಾತ್ರ ನಿಜಾಮನ ಕಾಲದಿಂದ ಜಾಗ ಬಿಟ್ಟು ಕದಲದ ಕತ್ತಲೆ.

ಜೋಳ ತುಂಬಲೆಂದು ಅವನ ಮುತ್ತಜ್ಜ ತೋಡಿಸಿದ ಆ ನೆಲದ ಕಣಜಕ್ಕೆ ಜೋಳ ಬಿದ್ದು ಅರವತ್ತು ವರ್ಷವಾಗಿತ್ತು. ಅದರ ಆಳ ಊರವರ ಲೆಕ್ಕದಲ್ಲಿ ಹನ್ನೆರಡು ಮೊಳ, ಹುಸೇನಬಾಷಾನ ಲೆಕ್ಕದಲ್ಲಿ ಮೂವತ್ತು. ಅವನು ಖುಷಿಯಲ್ಲಿದ್ದ ದಿನ ಪಾತಾಳಕ್ಕೆ ಎರಡೇ ಮೊಳ ಕಡಿಮೆ. ತಳದಲ್ಲಿ ಈಗ ಇದ್ದದ್ದು ಅಕ್ಷರ ಸವೆದ ಒಂದು ತಾಮ್ರದ ಬಿಲ್ಲೆ. ಟಾರ್ಚು ರಿಪೇರಿ ಮಾಡುತ್ತಿದ್ದ ಅವನ ಅಪ್ಪ ಅದನ್ನು ಒಳಗೆ ಎಸೆದು, ಈ ಬಿಲ್ಲೆಯನ್ನು ತೋರಿಸಿದ ಟಾರ್ಚೇ ಬ್ಯಾಟ್ರಿ, ತೋರಿಸದ್ದು ತಗಡು ಎಂದು ಕಾನೂನು ಮಾಡಿ ಸತ್ತಿದ್ದ. ಅಂದಿನಿಂದ ಈ ಸೀಮೆಯಲ್ಲಿ ಯಾರೇ ಟಾರ್ಚು ಕೊಳ್ಳಲಿ, ಮೊದಲು ಹಗೇವಿಗೆ ತೋರಿಸಿ ಆಮೇಲೆ ಮನೆಗೆ ಒಯ್ಯುವುದು ರೂಢಿ.

ಹಾಗಂತ ಹುಸೇನಬಾಷಾ ಸತ್ಯಸಂಧನೇನಲ್ಲ. ತನ್ನ ಆಡು ದಿನಕ್ಕೆ ಆರು ಸೇರು ಹಾಲು ಕೊಡುತ್ತದೆ ಎನ್ನುತ್ತಿದ್ದ, ಅದು ಹೋತವೆಂದು ಊರಿಗೆಲ್ಲ ಗೊತ್ತಿದ್ದರೂ. ಆದರೆ ಹಗೇವಿನೊಳಗೆ ತಲೆ ಇಳಿಸಿದ ಮೇಲೆ ಅವನ ನಾಲಿಗೆ ಬೇರೆ ಯಾರದೋ ಆಗಿಬಿಡುತ್ತಿತ್ತು. ಡಬ್ಬಿಯ ಮೇಲೆ ಐವತ್ತು ಸಾವಿರ ಲ್ಯೂಮೆನ್ ಅಂತಿರಲಿ, ಎರಡು ಕಿಲೋಮೀಟರ್ ಅಂತಿರಲಿ, ಒಂದು ಉಸಿರಿನಷ್ಟು ಹೊತ್ತು ನೋಡಿ, ಕಂಡರೆ ಕಂಡಿತು, ಕಾಣದಿದ್ದರೆ ಕಾಣಲಿಲ್ಲ ಎಂದುಬಿಡುತ್ತಿದ್ದ. ಸ್ವಂತ ತಮ್ಮನ ಅಂಗಡಿಯ ಮಾಲನ್ನೇ ಕಾಣಲಿಲ್ಲ ಎಂದದ್ದಕ್ಕೆ ಆ ತಮ್ಮ ಹನ್ನೊಂದು ವರ್ಷ ಮಾತು ಬಿಟ್ಟಿದ್ದ. ಗಂಡು ನೋಡಿ ಬಂದವರನ್ನೂ ಜನ "ಬಿಲ್ಲಿ ಕಂಡತೇನ್ರಿ?" ಎಂದು ಕೇಳುತ್ತಿದ್ದರು.

ಇವತ್ತಿನ ಟಾರ್ಚು ಅಳಿಯ ಮಂಜೂರನದು. ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಹೋದ ಮೇಲೆ ಅವನು ಇದ್ದಬದ್ದದ್ದನ್ನೆಲ್ಲ ಹಾಕಿ ಹೈದರಾಬಾದಿನಿಂದ ಮುನ್ನೂರು ಎಲ್‌ಇಡಿ ಟಾರ್ಚು ತಂದಿದ್ದ. ಮಾಲು ಹೋಗಲಿ, ಆಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಹೆಂಡತಿ ಜಾಸ್ಮೀನಳನ್ನು ಕೂಸಿನ ಸಮೇತ ತವರಿಗೆ ತಂದು ಬಿಟ್ಟು ಐದು ತಿಂಗಳಾಗಿತ್ತು. ಇನ್ನೂ ಒಂದು ಡಬ್ಬಿಯೂ ಹೋಗಿರಲಿಲ್ಲ. ಹಗೇವು ನೋಡದ ಟಾರ್ಚನ್ನು ಯಾರೂ ಮುಟ್ಟುತ್ತಿರಲಿಲ್ಲ, ಮಾವನ ನಾಲಿಗೆಗೆ ಹೆದರಿ ಅವನು ಇಷ್ಟು ದಿನ ಹಗೇವಿನ ಹತ್ತಿರ ಬಂದಿರಲಿಲ್ಲ.

ಹಿಂದಿನ ಸಂಜೆ ಜಾಸ್ಮೀನ ಒಲೆಯ ಮೇಲೆ ಚಹಾ ಇಟ್ಟಾಗ ಹುಸೇನಬಾಷಾ ಅದರಲ್ಲಿ ಒಂದನ್ನು ಹಚ್ಚಿ ನೋಡಿದ್ದ. ಅಬ್ಬಬ್ಬಾ, ಅದೆಂಥ ಬೆಳಕು! ಗೋಡೆಯ ಮೇಲಿನ ಹಲ್ಲಿ ನಾಚಿ ಬಾಲ ಮುಚ್ಚಿಕೊಂಡಿತು. ಆದರೆ ಹಾಲಿನಂತಿದ್ದ ಬೆಳಕು ಚಹಾ ಬಿಸಿಯಾಗುವುದರೊಳಗೆ ಮಜ್ಜಿಗೆಯಾಯಿತು, ಚಹಾ ಕುದಿಯುವ ಹೊತ್ತಿಗೆ ಕಲಗಚ್ಚಾಯಿತು. ಬಿಚ್ಚಿ ನೋಡಿದ. ಕೈಗೆ ತೂಕ ಸಿಗಲೆಂದು ಮೂತಿಯ ಹತ್ತಿರ ಒಂದು ಕಬ್ಬಿಣದ ತುಂಡು ಅಂಟಿಸಿದ್ದರು. ಸೆಲ್ಲನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಮರಳು ಸರಸರ ಎಂದಿತು. ಅಪ್ಪನ ಕಾಲದ ಸೆಲ್ಲುಗಳು ತಿಂಗಳುಗಟ್ಟಲೆ ಮೆಲ್ಲಗೆ ಸಾಯುತ್ತಿದ್ದವು. ಒಂದು ಉಸಿರಿನಲ್ಲಿ ಕಂಡದ್ದು ಇಡೀ ರಾತ್ರಿ ಕಾಣುತ್ತಿತ್ತು. ಈ ಹೊಸ ಸರಕು ಒಂದು ಉಸಿರಿಗೆಂದೇ ಹುಟ್ಟಿದಂತಿತ್ತು.

ಜಾಸ್ಮೀನ ಎಲ್ಲವನ್ನೂ ನೋಡಿದ್ದಳು. ಚಹಾದ ಕಪ್ಪನ್ನು ಅವನ ಮುಂದಿಟ್ಟು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಅಪ್ಪನನ್ನು ಕೇಳಿದಳು:

"ಅಬ್ಬಾ, ಹಗೇವಿನಾಗ ನೀವು ನೋಡೋದು ಒಂದ ಉಸಿರಿನ ಹೊತ್ತು, ಹೌದಲ್ರಿ?"

ಅವನು ಚಹಾ ಕುಡಿದ. ಅದಕ್ಕೆ ಸಕ್ಕರೆ ಹಾಕಿದ್ದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಈಗ ಹಗೇವಿನ ತಳದಲ್ಲಿ ಬಿಲ್ಲೆ ಹೊಸ ಮದುಮಗನ ಉಂಗುರದಂತೆ ಹೊಳೆಯುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ತಲೆ ಒಳಗೇ ಇಟ್ಟುಕೊಂಡರೆ ಸಾಕಿತ್ತು, ಬೆಳಕು ಮಬ್ಬಾಗುವುದನ್ನು ಎಲ್ಲರೂ ನೋಡುತ್ತಿದ್ದರು. ಹುಸೇನಬಾಷಾ ಟಾರ್ಚು ಆರಿಸಿ ಎದ್ದು ಕುಳಿತ.

"ಬಿಲ್ಲಿ ಕಾಣ್ತೈತಿ" ಎಂದ.

ಅಷ್ಟಕ್ಕೇ ನಿಲ್ಲಬಹುದಿತ್ತು, ಅಷ್ಟಾದರೂ ನಿಜ. ಆದರೆ ಹಗೇವಿನ ಬಾಯಲ್ಲಿ ಕುಳಿತು ಅವನು ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ಆಡಿದ.

"ಅದರ ಮ್ಯಾಲಿನ ಅಕ್ಷರಾನೂ ಕಾಣ್ತಾವ."

ಮೊದಲು ಕೈಚಾಚಿದವನು ಓಬಳೆಪ್ಪ. ಹುಸೇನಬಾಷಾನ ಜೊತೆ ಒಂದೇ ಸಾಲಿಯಲ್ಲಿ ಓದಿ, ಒಂದೇ ದಿನ ಸಾಲಿ ಬಿಟ್ಟವನು. ಮರಳಿ ಎಂಬ ಊರಿನ ಗದ್ದೆಗಳಿಗೆ ರಾತ್ರಿ ಹೊತ್ತು ಕಾಲುವೆ ನೀರು ಹಾಯಿಸುವ ಕೆಲಸ ಅವನದು. ಭತ್ತದ ಹಂಗಾಮು ಮುಗಿಯುವವರೆಗೆ ಅಲ್ಲೇ ಇದ್ದು, ಆಗೊಮ್ಮೆ ಈಗೊಮ್ಮೆ ಸಂತೆಗೆ ಊರಿಗೆ ಬರುತ್ತಿದ್ದ. ಡಬ್ಬಿಯನ್ನು ಬಿಚ್ಚಿಯೂ ನೋಡದೆ ಬಗಲಿಗೆ ಸೇರಿಸಿ, ನೀ ಅಂದಿ ಅಂದ್ರ ಆತು, ಎಂದು ನಡೆದ. ಆಮೇಲೆ ನಡೆದದ್ದು ಲೂಟಿ. ಮುದಕಮ್ಮ ಕೂಡ ತಕ್ಕಡಿ ಎಸೆದು ಎರಡು ಕೊಂಡಳು. ಮೂರನೆಯ ದಿನ ಜಾಸ್ಮೀನ ಹೊಸ ಬಳೆ ತೊಟ್ಟು, ಕೂಸನ್ನು ಸೊಂಟಕ್ಕೇರಿಸಿ, ಗಂಡನ ಹಿಂದೆ ಬೈಕಿನಲ್ಲಿ ಕುಳಿತು ಹೋದಳು. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು; ಅವನು ಕೈ ಎತ್ತುವುದರೊಳಗೆ ಬೈಕು ಮರೆಯಾಗಿತ್ತು.

ಮುಂದಿನ ಸಂತೆಗೆ ಹುಸೇನಬಾಷಾ ಬೈಗುಳ ತಿನ್ನಲು ತಯಾರಾಗಿ ಕುಳಿತ. ಒಂದಲ್ಲ, ನಲವತ್ತು ಉತ್ತರ ಕಲಿತಿಟ್ಟುಕೊಂಡಿದ್ದ. ಯಾರೂ ಬೈಯಲಿಲ್ಲ. ನಮ್ಮೂರ ಕರೆಂಟೇ ಸರಿಯಿಲ್ಲ, ಬ್ಯಾಟ್ರಿಗೆ ಏರೂದಿಲ್ಲ ಎಂದು ಒಬ್ಬ ವಿದ್ಯುತ್ತಿನವರನ್ನು ಶಪಿಸಿದ. ಒಂದು ಟಾರ್ಚು ಕೊಂಡಿದ್ದ ಹಜರತಬೀ ತನ್ನ ಕೈಗುಣವೇ ಹೀಗೆ, ಮುಟ್ಟಿದ್ದೆಲ್ಲ ಮಬ್ಬಾಗುತ್ತದೆ ಎಂದು ಕಣ್ಣೀರಿಟ್ಟಳು. ಮುದಕಮ್ಮ ಎರಡನ್ನೂ ನೆಲಕ್ಕೆ ಬೀಳಿಸಿದ ತಪ್ಪು ತನ್ನದೇ ಎಂದಳು. ಮುನ್ನೂರು ಟಾರ್ಚುಗಳಿಗೆ ಮುನ್ನೂರು ಕಾರಣ ಸಿಕ್ಕವು. ಹಗೇವಿನ ಮಾತಿನ ಮೇಲೆ ಒಬ್ಬರೂ ಬೆರಳಿಡಲಿಲ್ಲ.

ಅದರ ಮುಂದಿನ ಸಂತೆಗೆ ಓಬಳೆಪ್ಪ ಬಂದ. ಉರಿಬಿಸಿಲಿನಲ್ಲಿ ಹೆಂಡತಿ ಫಕೀರಮ್ಮನ ಹೆಗಲ ಮೇಲೆ ಕೈಯಿಟ್ಟು, ಹೆಜ್ಜೆಗೊಮ್ಮೆ ನೆಲ ತಡವುತ್ತಾ ಬಂದ.

"ಹುಸೇನಾ, ನನ್ನ ಕಣ್ಣ ಹೋದುವಪಾ" ಎಂದ.

ಹುಸೇನಬಾಷಾ ಅವನನ್ನು ಕೂರಿಸಿ ನೀರು ಕೊಟ್ಟ. ಓಬಳೆಪ್ಪ ನಿಧಾನಕ್ಕೆ ಎಲ್ಲ ಹೇಳಿದ. ಒಡ್ಡಿನ ಮೇಲೆ ಬ್ಯಾಟ್ರಿ ಹಚ್ಚಿದರೆ ಮೊದಲು ಹಗಲೇ ಹಗಲಂತೆ. ನಾಲ್ಕು ಗದ್ದೆ ದಾಟುವುದರೊಳಗೆ ಕಣ್ಣು ದಣಿದು ಮಬ್ಬಾಗುತ್ತಿದ್ದವಂತೆ. ಒಂದು ರಾತ್ರಿ ನೀರು ಯಾವ ಕಡೆ ತಿರುಗಿದೆಯೋ ಕಾಣದೆ ಇಡೀ ಸಸಿಮಡಿ ಕೊಚ್ಚಿಹೋಯಿತು. ಬೆಳಿಗ್ಗೆ ತಾನೇ ಹೋಗಿ ಹೊಲದ ಧಣಿಗೆ, ನನ್ನ ಕಣ್ಣು ಹೋಗಿವೆ, ಬೇರೆ ಆಳು ನೋಡ್ರಿ ಎಂದು ಹೇಳಿ ಬಂದಿದ್ದ. ಧಣಿ ಮಧ್ಯಾಹ್ನದೊಳಗೆ ನೋಡಿಯೂಬಿಟ್ಟ. ಗಂಗಾವತಿಯ ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಾದವರಿಗೆಲ್ಲ ಬರುವಂತೆ ಸಣ್ಣಗೆ ಪೊರೆ ಶುರುವಾಗಿದೆ, ಇನ್ನೂ ಐದಾರು ವರ್ಷ ಏನೂ ಆಗದು ಎಂದಿದ್ದರು. ಓಬಳೆಪ್ಪನಿಗೆ ಕೇಳಿಸಿದ್ದು ಪೊರೆ ಎಂಬುದೊಂದೇ.

"ನಿನ್ನ ಕಣ್ಣಿಗೇನೂ ಆಗಿಲ್ಲೋ. ಬ್ಯಾಟ್ರಿ ಖೊಟ್ಟಿ ಐತಿ" ಎಂದ ಹುಸೇನಬಾಷಾ.

ಓಬಳೆಪ್ಪ ನಕ್ಕ. "ನೀ ನೋಡಿದ್ದು ಹೆಂಗ ಖೊಟ್ಟಿ ಆಕ್ಕೈತಿ?"

ಹುಸೇನಬಾಷಾ ಅವನು ಜೊತೆಗೆ ತಂದಿದ್ದ ಟಾರ್ಚನ್ನು ಕಿತ್ತುಕೊಂಡ. ಹಗೇವಿನ ಹಾಸುಗಲ್ಲನ್ನು ಒಬ್ಬನೇ ಸರಿಸಿದ; ನಾಲ್ಕು ಮಂದಿ ಎತ್ತುವ ಕಲ್ಲು ಅದು. ಓಬಳೆಪ್ಪನನ್ನು ಬೋರಲು ಮಲಗಿಸಿ, ಪಕ್ಕದಲ್ಲಿ ತಾನೂ ಮಲಗಿ, ಬೆಳಕು ಬಿಟ್ಟ. ಒಂದು ಉಸಿರಾಯಿತು, ನೂರು ಉಸಿರಾಯಿತು. ಅವನು ಆರಿಸಲಿಲ್ಲ.

"ಈಗ?"

"ಕಾಣ್ತೈತಿ."

"ಈಗ?"

"ಮಬ್ಬಾತು."

"ಈಗ ಹೇಳು."

"ಕಾಣವಲ್ದು" ಎಂದ ಓಬಳೆಪ್ಪ. ತಲೆ ಹೊರತೆಗೆದು ಕಣ್ಣೊರೆಸಿಕೊಂಡ. "ನೋಡಿದಿ? ಇದನ್ನ ನಾ ಹೇಳಿದ್ದು. ಹಿಂಗ ಹೋಗ್ತಾವ."

ಹುಸೇನಬಾಷಾ ಮನೆಯೊಳಗೆ ಓಡಿ ತನ್ನ ಹಳೆಯ ಛಲೋ ಟಾರ್ಚು ತಂದ. ಇದರಲ್ಲಿ ನೋಡು ಎಂದು ಮತ್ತೆ ಮಲಗಿಸಿದ. ಅಷ್ಟು ಹೊತ್ತು ತಲೆಕೆಳಗಾಗಿ ಓಬಳೆಪ್ಪನ ಮುಖ ಬದನೇಕಾಯಿಯಾಗಿತ್ತು, ಕಣ್ಣ ತುಂಬ ನೀರು. ಮೂರು ಬಿಲ್ಲೆ ಕಾಣುತ್ತಿವೆ ಎಂದ. ರೋಗ ಹೆಚ್ಚಾಗಿದೆ ಎಂದು ತಾನೇ ತೀರ್ಮಾನಿಸಿ, ಗೋಡೆ ಹಿಡಿದು ಎದ್ದು ಕುಳಿತ.

ಆಗ ಹುಸೇನಬಾಷಾ ಅವನ ಎರಡೂ ಭುಜ ಹಿಡಿದ. "ಓಬಳಾ, ಕೇಳಿಲ್ಲೆ. ನಾ ಸುಳ್ಳ ಹೇಳೇನಿ. ಹಿಂದಿನ ಸಂಜಿನ ನನಗ ಗೊತ್ತಿತ್ತು. ಮಗಳ ಸಲುವಾಗಿ ಹೇಳೇನಿ."

ಓಬಳೆಪ್ಪ ಎಳೆ ಮಕ್ಕಳ ಬೆನ್ನು ತಟ್ಟುವಂತೆ ಅವನ ಮೊಣಕಾಲು ತಟ್ಟಿದ.

"ಒಡಹುಟ್ಟಿದ ತಮ್ಮನ ಮಾಲಿಗೇ ಇಲ್ಲ ಅಂದಾಂವ ನೀ. ನನ್ನ ಸಮಾಧಾನಕ್ಕ ನಿನ್ನ ಹೆಸರ ಯಾಕ ಕೆಡಿಸ್ಕೋತಿ? ಬಿಡು."

ಹುಸೇನಬಾಷಾ ಬಾಯಿ ತೆರೆದ. ಹೋತದಿಂದ ಆರು ಸೇರು ಹಾಲು ಕರೆದ ಬಾಯಿ ಅದು.

ಫಕೀರಮ್ಮ ಹಗೇವಿನ ಅಂಚಿನಲ್ಲಿ ಇನ್ನೂ ಉರಿಯುತ್ತಿದ್ದ ಟಾರ್ಚನ್ನು ಎತ್ತಿಕೊಂಡಳು. ಅದರ ಗಾಜಿನೊಳಗೆ ಬೆಳಕು ಜೋಳದ ಕಾಳಿನಷ್ಟು ಉಳಿದಿತ್ತು. ಅದನ್ನು ನೋಡಿದಳು, ಆಮೇಲೆ ಹುಸೇನಬಾಷಾನನ್ನು ನೋಡಿದಳು. ಗುಂಡಿ ಒತ್ತಿ ಆರಿಸಿ ಅವನ ಮುಂದಿಟ್ಟಳು.

"ಕಣ್ಣಿದ್ದವರಿಗೆ ಯಾರಿಗರ ಕೊಡ್ರಿ ಅಣ್ಣಾರ" ಎಂದಳು. ಗಂಡನ ಕಡೆ ತಿರುಗಿ, ಹೊತ್ತಾಯಿತು, ಮನೆಗೆ ಹೋಗೋಣ, ಏಳಿರಿ ಎಂದಳು.

ಓಬಳೆಪ್ಪ ಎದ್ದು ಅವಳ ಹೆಗಲು ಹುಡುಕಿ ಕೈಯಿಟ್ಟ. ಸಂತೆ ಅವರಿಗೆ ದಾರಿ ಬಿಟ್ಟಿತು. ಬಟ್ಟೆಯಂಗಡಿಯ ಡೇರೆಗೆ ಎಳೆದು ಕಟ್ಟಿದ ಹಗ್ಗದ ನೆರಳು ದಾರಿಗೆ ಅಡ್ಡವಾಗಿ ನೆಲದ ಮೇಲೆ ಬಿದ್ದಿತ್ತು. ಅದರ ಹತ್ತಿರ ಓಬಳೆಪ್ಪ ನಿಂತ. ಅಳೆದು ನೋಡಿದ. ಒಂದು ಕೈಯಿಂದ ಧೋತರ ಎತ್ತಿ ಹಿಡಿದು, ಕಾಲುವೆ ದಾಟುವವನಂತೆ ಕಾಲನ್ನು ಎತ್ತರಕ್ಕೆ ಎತ್ತಿ, ಆ ನೆರಳನ್ನು ದಾಟಿದ.