ಗಿಡ್ಡ ಮಾರ್ಟಿನಿ

ಗ್ರೇಮ್ ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸನ್ನು ಹೊತ್ತವನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. ಯಾಮಿನಿಯ ಅಡುಗೆಮನೆಯ ಮೇಜಿನ ಮೇಲಿಟ್ಟು ಟವೆಲ್ಲಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದ. ಒಳಗಿದ್ದದ್ದು ಅಕ್ರೋಟು ಮರದ ಬಟ್, ಬಂದೂಕಿನ ಹಿಂಬದಿಯಲ್ಲಿದ್ದು ಹೆಗಲಿಗೆ ಆನುವ ಭಾಗ. ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ಗೀರೂ ಇರಲಿಲ್ಲ.

"ನಿನ್ನ ಮಾರ್ಟಿನಿಗೆ," ಎಂದ. "ಅದೇ ಕಾರ್ಖಾನೆ, ಅದೇ ಕಾಲದ್ದು. ಎಷ್ಟು ಜನರ ಗ್ಯಾರೇಜು ಜಾಲಾಡಿದ್ದೀನಿ ಗೊತ್ತಾ ಯಾಮ್? ದುಡ್ಡಿನ ಮಾತು ಎತ್ತಬೇಡ. ಕ್ಲಬ್ಬಿಗೆ ನೂರು ವರ್ಷ ತುಂಬುತ್ತಿದೆ, ಅದಕ್ಕೆ ನನ್ನ ಉಡುಗೊರೆ."

ಕ್ರೈಸ್ಟ್‌ಚರ್ಚಿನ ಅಂಚಿನಲ್ಲಿ, ತಗಡಿನ ಹಾಲಿನಲ್ಲಿ ನಡೆಯುವ ಶೂಟಿಂಗ್ ಕ್ಲಬ್ಬಿಗೆ ಗ್ರೇಮ್ ಅಧ್ಯಕ್ಷ. ಯಾಮಿನಿ ಮೊದಲ ಸಲ ಆ ಬಾಗಿಲಲ್ಲಿ ನಿಂತಾಗ, ಮಗನನ್ನು ಸೇರಿಸಲು ಬಂದ ತಾಯಿ ಎಂದು ತಿಳಿದು "ಮಕ್ಕಳಿಗೆ ಗುರುವಾರ" ಎಂದಿದ್ದವನು ಇವನೇ. ಆಮೇಲೆ ಹಳೆಯ ಪಾಯಿಂಟ್ ಟೂ ಟೂ ರೈಫಲ್ಲುಗಳನ್ನು ಓದಲು ಕಲಿಸಿದವನೂ ಇವನೇ: ಉಕ್ಕಿನ ಮೇಲಿನ ಮುದ್ರೆ, ಸ್ಕ್ರೂ ತಲೆಯ ಸವೆತ, ನಳಿಗೆಯ ಉಕ್ಕಿಗೆ ಏರಿಸಿದ ನೀಲಿ ಬಣ್ಣ ಎಲ್ಲಿ ಅಸಲಿ, ಎಲ್ಲಿ ಬಳಿದದ್ದು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಎಕ್ಸ್‌ರೇ ನೋಡಿದ ಕಣ್ಣಿಗೆ ಆ ವಿದ್ಯೆ ಬೇಗ ಹತ್ತಿತು. ಈಗ ಅವಳ ಉಕ್ಕಿನ ಕಪಾಟಿನಲ್ಲಿದ್ದ ಐದು ರಿಮ್‌ಫೈರುಗಳಷ್ಟು ಅಚ್ಚುಕಟ್ಟಾದವು ಕ್ಲಬ್ಬಿನಲ್ಲಿ ಇನ್ನೊಬ್ಬರ ಬಳಿ ಇರಲಿಲ್ಲ. ತೋಟೆಯ ತಳದ ಅಂಚಿಗೆ ಪಿನ್ನು ಬಡಿದರೆ ಸಿಡಿಯುವ ಈ ಸಣ್ಣ ಬಂದೂಕುಗಳನ್ನು ಒಂದು ಕಾಲದಲ್ಲಿ ಇಲ್ಲಿನ ಪ್ರತಿ ಫಾರ್ಮಿನಲ್ಲೂ ಮೊಲಕ್ಕೆಂದು ಬಾಗಿಲ ಹಿಂದೆ ನಿಲ್ಲಿಸಿರುತ್ತಿದ್ದರಂತೆ. ಅವುಗಳ ಸದ್ದು ಒಣಕಡ್ಡಿ ಮುರಿದಷ್ಟೇ. ಹೆಗಲಿಗೆ ಒದೆತವೇ ಇಲ್ಲ. ಗುರಿ ತಪ್ಪಿದರೆ ಬಂದೂಕನ್ನು ಬಯ್ಯಲು ನೆಪ ಸಿಗದು. ಆ ಪ್ರಾಮಾಣಿಕತೆ ಯಾಮಿನಿಗೆ ಇಷ್ಟ.

ಆರನೆಯದು ಮಾರ್ಟಿನಿ, ಅಡಿಯ ಲಿವರ್ ಎಳೆದು ಒಂದೊಂದೇ ತೋಟೆ ತುಂಬುವ ಹಳೆಯ ರೈಫಲ್ಲು. ಅದರ ಬಟ್ಟನ್ನು ಯಾರೋ ಎಂದೋ ಎರಡು ಬೆರಳಗಲಕ್ಕಿಂತ ಹೆಚ್ಚೇ ಕೊಯ್ದು ಗಿಡ್ಡ ಮಾಡಿದ್ದರು.

"ಪಾಪ, ಯಾವನೋ ರೈತ ಮಗನಿಗೆ ಅಂತ ಗರಗಸ ಹಾಕಿದ್ದಾನೆ," ಎಂದ ಗ್ರೇಮ್. "ಒಂದು ಉದ್ದ ಬೋಲ್ಟ್ ಬಿಚ್ಚಿ ಹಾಕಿದರೆ ಮುಗಿಯಿತು. ಆ ಗಾಯ ಇನ್ನು ಕಾಣಿಸಲ್ಲ. ಶನಿವಾರದ ಪ್ರದರ್ಶನದಲ್ಲಿ ನಿನ್ನ ಆರೂ ಬಂದೂಕು ನಡುವಿನ ಮೇಜಿನ ಮೇಲೆ!"

"ಹಾಗೇ ಇಟ್ಟರೆ?"

"ಹಾಗೇ ಇಟ್ಟರೆ ಹಿಂದಿನ ಮೇಜು. ಚಹಾದ ಹಂಡೆ ಪಕ್ಕ, ಬಿಡಿಭಾಗಗಳ ಜೊತೆ. ಕಾರ್ಖಾನೆಯಿಂದ ಹೊರಟ ಹಾಗೇ ಇರುವುದಕ್ಕೆ ಮಾತ್ರ ನಡುವಿನ ಮೇಜು. ನಿಯಮ ನಿನಗೆ ಗೊತ್ತಲ್ಲ."

ಗೊತ್ತಿತ್ತು. ಯೋಚಿಸುತ್ತೇನೆ ಎಂದು ಹೇಳಿ ಅವನನ್ನು ಕಳಿಸಿಕೊಟ್ಟಳು. ಆದರೆ ಯೋಚಿಸುವಂಥದ್ದೇನೂ ಉಳಿದಿರಲಿಲ್ಲ.

ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಾಗ ಅವಳು ಸಾಲಿನ ಕಟ್ಟಕಡೆಯ ಹುಡುಗಿ. ಫೈರಿಂಗ್ ದಿನ ರೈಫಲ್ಲಿನ ಬಟ್ ಹೆಗಲಿನಲ್ಲಿ ನಿಲ್ಲದೆ ಕಂಕುಳಿಗೆ ಜಾರುತ್ತಿತ್ತು. ನಳಿಗೆಯ ಮೇಲಿನ ಗುರಿ ನೋಡುವ ಸೈಟು ಕಾಣಲು ಕತ್ತನ್ನು ಕೊಕ್ಕರೆಯಂತೆ ಮುಂದಕ್ಕೆ ಚಾಚಬೇಕು. "ಏ ಕುಳ್ಳಿ, ಬೆಳದು ಬಾ ಹೋಗು," ಎಂದಿದ್ದರು ಹವಾಲ್ದಾರರು, ಎಲ್ಲರೂ ನಕ್ಕಿದ್ದರು. ಅವಳು ಬೆಳೆಯಲಿಲ್ಲ, ಬಿಡಲೂ ಇಲ್ಲ. ನ್ಯೂಜಿಲೆಂಡಿಗೆ ಬಂದು, ಲೈಸೆನ್ಸ್ ಪಡೆದು, ಕೊಂಡ ಐದೂ ಬಂದೂಕುಗಳಿಗೆ ಅದೇ ಕತ್ತು ಚಾಚಿ ಹೊಂದಿಕೊಂಡಿದ್ದಳು. ಕನ್ನಡ ಸಂಘದಲ್ಲಿ "ಬಂದೂಕಿನ ಆಂಟಿ" ಎಂದು ಬೆನ್ನ ಹಿಂದೆ ನಗುವವರಿಗೂ ಅದು ಗೊತ್ತಿರಲಿಲ್ಲ. ಜೆರಾಲ್ಡಿನ್ ಊರಿನ ಕಡೆಯ ಫಾರ್ಮೊಂದರ ಹರಾಜಿನಲ್ಲಿ ಈ ಗಿಡ್ಡ ಮಾರ್ಟಿನಿಯನ್ನು ಹೆಗಲಿಗೇರಿಸಿದಾಗ ಮಾತ್ರ ಕಣ್ಣು ತಾನಾಗಿ ಸೈಟಿನ ಹಿಂದೆ ಬಂದು ಕೂತಿತ್ತು. ಕತ್ತು ಕತ್ತಿನ ಜಾಗದಲ್ಲೇ ಇತ್ತು. ಅಲ್ಲಿ ನಿಂತಲ್ಲೇ ಅವಳಿಗೆ ಸಿಟ್ಟು ಬಂದಿತ್ತು. ಇಷ್ಟು ಸುಲಭವಿರಬಹುದಾದದ್ದನ್ನು ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಎಂದು.

ಸಂಜೆ ಗಂಡ ಚಿದಾನಂದ ಕೆಲಸದಿಂದ ಬಂದ. ಸೇತುವೆ ಕಟ್ಟುವ ಇಂಜಿನಿಯರು. ಮೇಜಿನ ಮೇಲಿನ ಹೊಸ ಬಟ್ಟನ್ನು ತಿರುಗಿಸಿ ನೋಡಿ, "ಚಲೋ ಮಾಲ್ ಐತಿ," ಎಂದ. ಕಥೆ ಕೇಳಿದ ಮೇಲೆ, "ಮತ್ತೇನ್ ಹಠ ನಿಂದು? ಅಂವ ಊರೆಲ್ಲಾ ತಿರುಗಿ ಹುಡುಕಿ ತಂದಾನ. ಪುಕ್ಕಟೆ ಕೊಡಾಕತ್ತಾನ. ಹಚ್ಚು, ಮುಗೀತು. ನಿನ್ನ ಗಿಡ್ಡ ಬಟ್ಟೇನು ಓಡಿ ಹೋಗ್ತೈತಾ? ಡ್ರಾದಾಗ ಇಡು."

"ಅಂದ್ರ ಮಂದಿ ಬಂದಾಗ ಅದನ್ನ ಮುಚ್ಚಿಡೂದು. ನನ್ನನ್ನೂ ಡ್ರಾದಾಗ ಇಡ್ರಿ ಮತ್ತ."

"ನಿನಗ ಡ್ರಾ ಸಾಲೂದಿಲ್ಲ. ನಾಲಿಗಿ ಉದ್ದ ಐತಿ."

ಯಾಮಿನಿ ನಗಲಿಲ್ಲ. ಕಪಾಟಿನ ಕೋಣೆಗೆ ಹೋಗಿ ಮಾರ್ಟಿನಿಯನ್ನು ತಂದಳು. "ತಾಳಿ ಕಟ್ಟಿದಾಂವಗ ಆ ಕೀಲಿ ಎಲ್ಲೈತಿ ಅಂತ ಗೊತ್ತಿಲ್ಲ ನೋಡು," ಎಂದು ಅವನು ಎಂದಿನಂತೆ ಗೊಣಗಿದ. ಅವಳು ಎಂದಿನಂತೆ, ಲೈಸೆನ್ಸ್ ಇದ್ದವರಿಗಷ್ಟೇ ಕೀಲಿ ಎಂದಳು. ಅಡಿಯ ಲಿವರನ್ನು ಕೆಳಗೆಳೆದಾಗ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ದಿಮ್ಮಿ ಟಕ್ಕನೆ ಬಾಗಿ, ಖಾಲಿ ನಳಿಗೆ ಕಂಡಿತು. ಅವನಿಗೂ ತೋರಿಸಿ ಮೇಜಿನ ಮೇಲೆ ಮಲಗಿಸಿದಳು.

"ಇಲ್ಲೆ ಕೈ ಹಚ್ಚಿ ನೋಡ್ರಿ. ಗಲ್ಲ ಆನೂ ಜಾಗ."

"ನುಣ್ಣಗ ಐತಿ."

"ಎಷ್ಟು ಮುಂದೈತಿ ನೋಡ್ರಿ, ಹೆಬ್ಬೆರಳಿನ ಹತ್ತರ. ಎತ್ತರದ ಮನುಷ್ಯಾಂದು ಗಲ್ಲ ಇಲ್ಲಿ ಬರಂಗಿಲ್ಲ, ಹಿಂದ ಬರ್ತೈತಿ. ಹಿಂದ ಸವೆದೇ ಇಲ್ಲ. ಈಗ ಕೊಯ್ದ ಅಂಚು ನೋಡ್ರಿ. ಬಟ್ಟಿನ ತುದಿಗಿರೂ ಕಬ್ಬಿಣದ ತಟ್ಟಿನ್ನ ಅರಾ ಹಾಕಿ ಉಜ್ಜಿ, ಮರಕ್ಕ ಕೂದಲಷ್ಟೂ ಸಂದಿ ಇಲ್ಲದಂಗ ಕೂಡಿಸ್ಯಾರ. ಹಂಗ ಉಜ್ಜಿದ ತಟ್ಟಿ ಮೂಲಿನೂ ಸವೆದೈತಿ. ಅಂದ್ರ ಕೊಯ್ದ ಮ್ಯಾಲೆ ಸವೆದದ್ದು. ಹುಡುಗರಾದ್ರ ಎರಡು ಮೂರು ವರ್ಷದಾಗ ಬೆಳದು ಬಿಡ್ತಾವು. ಅಷ್ಟರಾಗ ಕಬ್ಬಿಣ ಸವೀತೈತಿ ಏನ್ರಿ? ಇದು ಇಡೀ ಆಯುಷ್ಯದ್ದು."

ಚಿದಾನಂದ ಆ ಮೂಲೆಯ ಮೇಲೆ ಬೆರಳಾಡಿಸುತ್ತ ಕೂತ. ಲೋಹದ ಸವೆತ ಅವನಿಗೂ ಅರ್ಥವಾಗುವ ಭಾಷೆ. "ಯಾರಂತ ಆಕಿ?"

"ಆಕಿ ಅಂತ ನಾನೂ ಅನ್ನಂಗಿಲ್ಲ. ಗಂಡಸೋ ಹೆಣ್ಣೋ ಗೊತ್ತಿಲ್ಲ. ಗಿಡ್ಡ ಅನ್ನೂದಷ್ಟ ಗೊತ್ತು. ತನಗ ಬಂದೂಕು ಹೊಂದಲಿಲ್ಲ ಅಂತ ಬಿಡಲಿಲ್ಲ, ಬಂದೂಕನ್ನ ತನಗ ಹೊಂದಿಸಿಕೊಂಡ್ರು, ಅದೂ ಗೊತ್ತು."

ಕೂಡಿಕೊಂಡ ಮೂಳೆಯನ್ನು ಯಾವ ಡಾಕ್ಟರೂ ಗಾಯ ಎನ್ನುವುದಿಲ್ಲ. ಎಕ್ಸ್‌ರೇಯಲ್ಲಿ ಅದು ಬದುಕಿದ್ದರ ಗುರುತು. ಮರುದಿನ ಕ್ಲಬ್ಬಿನಲ್ಲಿ ಅವಳು ಗ್ರೇಮ್‌ಗೆ ಹೇಳಿದ್ದೂ ಅದನ್ನೇ. ಅವನು ಕನ್ನಡಕ ಏರಿಸಿ, ಟಾರ್ಚ್ ಹಿಡಿದು, ಗಲ್ಲದ ಜಾಗವನ್ನೂ ತಟ್ಟೆಯ ಮೂಲೆಯನ್ನೂ ಬಹಳ ಹೊತ್ತು ನೋಡಿದ. ಸುಳ್ಳು ಹೇಳುವವನಲ್ಲ ಅವನು.

"ನೀನು ಹೇಳಿದ್ದು ಸರಿಯೇ ಇರಬಹುದು," ಎಂದ. "ಆದರೆ ಸರಿಯಾಗಿ ಕೆಡಿಸಿದರೂ ಕೆಡಿಸಿದ ಹಾಗೇ. ನಾಳೆ ಪ್ರತಿಯೊಬ್ಬನೂ ತನ್ನ ಗರಗಸಕ್ಕೊಂದು ಕಥೆ ಹೇಳುತ್ತಾನೆ. ಬಂದ ಜನಕ್ಕೆ ಅಸಲಿ ಯಾವುದು ಅಂತ ನಾನು ಹೇಗೆ ತೋರಿಸಲಿ?"

"ಇದೂ ಅಸಲಿಯೇ. ಇದನ್ನು ಹಿಡಿದವರು ಅಸಲಿ."

"ಹೊಸ ಬಟ್ ಹಾಕು ಯಾಮ್. ನನಗೋಸ್ಕರ."

ಇವನಿಲ್ಲದಿದ್ದರೆ ಇವಳಿಗೆ ಈ ಲೋಕವೇ ತೆರೆಯುತ್ತಿರಲಿಲ್ಲ. ಬೇರೆ ಏನು ಕೇಳಿದ್ದರೂ ಕೊಡುತ್ತಿದ್ದಳು.

"ನಿಮಗೋಸ್ಕರವೂ ಇಲ್ಲ," ಎಂದು ಟವೆಲ್ಲಿನ ಸಮೇತ ಬಟ್ಟನ್ನು ಅವನ ಕೈಗಿತ್ತಳು.

ಶನಿವಾರ ಬೆಳಿಗ್ಗೆಯೇ ವಾಯವ್ಯದ ನಾರ್‌ವೆಸ್ಟರ್ ಗಾಳಿ ಎದ್ದು ಹಾಲಿನ ತಗಡು ಬಡಿಯುತ್ತಿತ್ತು. ನಡುವಿನ ಉದ್ದ ಮೇಜಿಗೆ ಹಸಿರು ಬಟ್ಟೆ ಹಾಸಿದ್ದರು. ಯಾಮಿನಿಯ ಐದು ಬಂದೂಕುಗಳಿಗೆಂದು ನಟ್ಟನಡುವಿನ ಜಾಗ ಬಿಟ್ಟಿದ್ದರು. ಚಿದಾನಂದ ಅವಳ ಕಣ್ಣೆದುರೇ ಒಂದೊಂದನ್ನೇ ಚೀಲದಿಂದ ತೆಗೆದುಕೊಟ್ಟ, ಅವಳು ಪ್ರತಿಯೊಂದರ ನಳಿಗೆ ಖಾಲಿಯೆಂದು ತೋರಿಸಿ ಮಲಗಿಸಿದಳು. ಸದಸ್ಯರು ಸುತ್ತ ನೆರೆದು, ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟೆ ತುಂಬುವ ಪಂಪಿನ ರೈಫಲ್ಲಿನ ನೀಲಿಯನ್ನು ಬಾಯಿತುಂಬ ಹೊಗಳಿದರು. ಕೊನೆಗೆ ಮಾರ್ಟಿನಿಯನ್ನು ಮಲಗಿಸಿದಾಗ ಗ್ರೇಮ್ ಅದನ್ನು ಎತ್ತಿಕೊಂಡು ಹಿಂದಕ್ಕೆ ನಡೆದ. ಚಹಾದ ಹಂಡೆಯ ಪಕ್ಕ, ತುಕ್ಕು ಹಿಡಿದ ಸ್ಪ್ರಿಂಗುಗಳ ಡಬ್ಬಿಯ ಹತ್ತಿರ ಇಟ್ಟು, "ಮಾರ್ಪಡಿಸಿದ್ದು" ಎಂಬ ಚೀಟಿ ಆನಿಸಿದ.

ಯಾಮಿನಿ ನೋಡುತ್ತಾ ನಿಂತಳು. ಆಮೇಲೆ ಹಸಿರು ಬಟ್ಟೆಯ ಮೇಲಿಂದ ಪಂಪಿನ ರೈಫಲ್ಲನ್ನು ಎತ್ತಿ, ಹಾಲನ್ನು ದಾಟಿ, ಮಾರ್ಟಿನಿಯ ಎಡಕ್ಕಿಟ್ಟಳು. ತಿರುಗಿ ಬಂದು ಎರಡನೆಯದನ್ನು ಎತ್ತಿದಳು.

"ಏನು ಮಾಡ್ತಿದ್ದೀಯ?" ಗ್ರೇಮ್‌ನ ದನಿ ಏರಿತು. "ಇನ್ನೇನು ಬಾಗಿಲು ತೆಗೆಯಬೇಕು!"

"ಜಾಗ ಬದಲಿಸ್ತಿದ್ದೀನಿ. ಅಸಲಿಗಳು ಹಿಂದಿನ ಮೇಜಿಗೆ ಬರಬಾರದು ಅಂತ ನಿಯಮ ಇದೆಯಾ?"

ಇರಲಿಲ್ಲ. ಅಂಥದ್ದೊಂದು ಬೇಕಾದೀತೆಂದು ನೂರು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚಿದಾನಂದ ಅವಳನ್ನೊಮ್ಮೆ, ಅಧ್ಯಕ್ಷನನ್ನೊಮ್ಮೆ ನೋಡಿದ. "ಮುಂದ ನಡೀ, ಮೂರನೇದು ನಾ ತರ್ತೀನಿ," ಎಂದು ಅವಳ ಬೆನ್ನಿಗೇ ನಡೆದ. ಸ್ಪ್ರಿಂಗಿನ ಡಬ್ಬಿ ಮೇಜಿನ ಕೆಳಗೆ ಹೋಯಿತು. ಚೀಟಿಯನ್ನು ಅವಳು ಕಿತ್ತೆಸೆಯಲಿಲ್ಲ. ಪೆನ್ನು ತೆಗೆದು ಅದೇ ಪದದ ಕೆಳಗೆ ಬರೆದಳು: "ಬಳಸಿದವರಿಗಾಗಿ. ಸರಿಪಡಿಸಲಾಗುವುದಿಲ್ಲ."

ಗ್ರೇಮ್ ಕೂಡ ಹಠವಾದಿಯೇ. ಟವೆಲ್ಲು ಬಿಡಿಸಿ, ಜೇನುಬಣ್ಣದ ಆ ಬಟ್ಟನ್ನು ನಡುವಿನ ಮೇಜಿನ ಖಾಲಿ ಜಾಗದಲ್ಲಿ ಒಂಟಿಯಾಗಿ ಮಲಗಿಸಿ, ಕೈಕಟ್ಟಿ ಅದರ ಹಿಂದೆ ನಿಂತ. ಬಾಗಿಲು ತೆರೆಯಿತು. ಗಾಳಿಯಿಂದ ತಪ್ಪಿಸಿಕೊಂಡವರಂತೆ ಜನ ಒಳಗೆ ನುಗ್ಗಿದರು. ಬಂದವರು ನಡುವೆ ಒಂದು ಸುತ್ತು ಹಾಕಿ, ಬಂದೂಕಿಲ್ಲದ ಬಟ್ಟನ್ನು ನೋಡಿ ತಲೆ ಕೆರೆದುಕೊಂಡು, ಚಹಾ ಹುಡುಕುತ್ತ ಹಿಂದಕ್ಕೆ ಬಂದರು. ಬಂದವರು ಅಲ್ಲೇ ನಿಂತರು. ಯಾಮಿನಿ ಪ್ರತಿಯೊಬ್ಬರಿಗೂ ಮಾರ್ಟಿನಿಯ ಗಲ್ಲದ ಜಾಗವನ್ನೂ ತಟ್ಟೆಯ ಮೂಲೆಯನ್ನೂ ಮೊದಲು ತೋರಿಸಿ, ಆಮೇಲಷ್ಟೇ ಉಳಿದವಕ್ಕೆ ಹೋಗುತ್ತಿದ್ದಳು.

ಮಧ್ಯಾಹ್ನವಾದರೂ ಗ್ರೇಮ್ ಅವಳ ಕಡೆ ತಿರುಗಿ ನೋಡಲಿಲ್ಲ.

"ಅಂವ ಭಾಳ ಸಿಟ್ಟಾಗ್ಯಾನ," ಚಿದಾನಂದ ಕಿವಿಯ ಹತ್ತಿರ ಬಗ್ಗಿ ಹೇಳಿದ. "ಇನ್ನ ಮಾತಾಡ್ತಾನೋ ಇಲ್ಲೋ."

"ಮಾತಾಡದಿದ್ರ ಬಿಡ್ರಿ," ಎಂದಳು ಯಾಮಿನಿ, ಮುಂದಿನವರಿಗಾಗಿ ಮಾರ್ಟಿನಿಯನ್ನು ಎತ್ತಿಕೊಳ್ಳುತ್ತಾ. "ಚಾ ಬೇಕಂದ್ರ ಇತ್ಲಾಗೇ ಬರಬೇಕಲ್ಲ."