ಒಂದ ಹನಿ ಬ್ಯಾಡ

ರಾಮಾಂಜನೇಯ ಸಾರಾಯಿ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು ಅಣ್ಣನ ಹೆಣದ ಬಾಯಿಗೆ ಬಗ್ಗಿಸಿದ್ದ. ಪಾರ್ವತೆಮ್ಮ ಅವನ ಕೈ ಹಿಡಿದು ಪಕ್ಕಕ್ಕೆ ತಳ್ಳಿದಳು. ಸೆರೆ ಅಂಗಳದ ಕಲ್ಲಿನ ಮೇಲೆ ಚೆಲ್ಲಿತು.

"ಅತ್ತಿಗಿ, ಇದೇನ ಮಾಡ್ತಿ? ಪ್ರೀತಿದ್ದು ಬಾಯಿಗೆ ಹಾಕಿ ಕಳಸೋದು ನಮ್ಮ ಮಂದಿ ಪದ್ಧತಿ ಐತಿ. ಅಣ್ಣಗ ಇದರಕಿಂತ ಪ್ರೀತಿದ್ದು ಏನಿತ್ತು?"

"ನಿಮ್ಮಣ್ಣ ಕುಡಿಯೋದು ಬಿಟ್ಟು ಒಂಬತ್ತು ವರ್ಷ ಆತು."

ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಹೊಳಿಯಪ್ಪ ಬಿಟ್ಟಿದ್ದನಂತ! ಕೇಳ್ರಪಾ."

ಹೆಣದ ಮುಂದೆ ನಗುವವರ ಬಾಯಿಗೆ ಮಣ್ಣು ಬೀಳಲಿ. ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅರ್ಧ ಓಣಿ ಸಂಜೆಗೆ ಕುಡಿಯುತ್ತದೆ. ಕುಡುಕ ಎಂಬ ಹೆಸರು ಮಾತ್ರ ಹೊಳಿಯಪ್ಪನೊಬ್ಬನಿಗೆ. ಕಾರ್ಖಾನೆಯ ಬೆಂಕಿಯ ಮುಂದೆ ದುಡಿದು, ದುಡಿದದ್ದನ್ನೆಲ್ಲ ಕುಡಿದು, ಗಟಾರದ ಪಕ್ಕ ಬಿದ್ದವನನ್ನು ಪಾರ್ವತೆಮ್ಮನೇ ಎತ್ತಿಸಿ ಗಂಗಾವತಿ ಹತ್ತಿರದ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದಳು. ಆರು ತಿಂಗಳಿಗೆಂದು ಹೋದವನು ಅಲ್ಲೇ ಉಳಿದ. ಹೊಸದಾಗಿ ಬಂದವರ ಕೈಕಾಲು ನಡುಗುವಾಗ ಪಕ್ಕದಲ್ಲಿ ಕೂತು ಹಿಡಿದುಕೊಳ್ಳುವುದು ಅವನ ಕೆಲಸವಾಯಿತು. ನಿನ್ನೆ ಎದೆನೋವು ಬಂದು ಅಲ್ಲೇ ಸತ್ತ.

ಹೆಣದ ಜೊತೆ ಬಂದಿದ್ದ ಕೇಂದ್ರದ ಅಡುಗೆಯವ ಶಬ್ಬೀರಸಾಬ ಎದ್ದು ನಿಂತ. "ನಾನೂ ಕುಡದು ಕೆಟ್ಟಾಂವರಿ. ನನ್ನ ಉಳಿಸಿದಾಂವ ಇಂವ. ಇದು ಸುಳ್ಳಂತೀರೇನು?"

"ಒಬ್ಬ ಕುಡುಕಗ ಇನ್ನೊಬ್ಬ ಕುಡುಕನ ಸಾಕ್ಷಿ ಬ್ಯಾರೆ," ಎಂದ ರಾಮಾಂಜನೇಯ.

*

ಆ ಒಂಬತ್ತು ವರ್ಷದಲ್ಲಿ ಹೊಳಿಯಪ್ಪ ಊರಿಗೆ ಬಂದದ್ದು ಒಂದೇ ಸಲ, ಮಗಳು ವಿಜಯಲಕ್ಷ್ಮಿಯ ಮದುವೆಗೆ. ಕೈಯಲ್ಲೊಂದು ಸ್ಟೀಲಿನ ಬಾಟಲಿ ಇತ್ತು. ಹೊರಗೆ ಹೋದಾಗ ಯಾರು ಕೊಟ್ಟರೂ ಕುಡಿಯಬಾರದು, ನೀರನ್ನೂ ತಾವೇ ಒಯ್ಯಬೇಕು ಎಂಬುದು ಕೇಂದ್ರದಲ್ಲಿ ಕಲಿಸಿದ ಪಾಠ. ಶರಬತ್ತಿನಲ್ಲಿ ಬೆರೆಸಿ ಕೊಟ್ಟು ಮಜಾ ನೋಡುವ ದೋಸ್ತರು ಯಾವ ಊರಲ್ಲಿಲ್ಲ?

ಹಂದರದ ಮೂಲೆಯಲ್ಲಿ ನಿಂತು ಅವನು ಬಾಟಲಿಯಿಂದ ಗುಟುಕರಿಸುವುದನ್ನು ಬೀಗರು ನೋಡಿದರು. ಗುಸುಗುಸು ಎದ್ದಿತು. ಅಕ್ಕಿಕಾಳು ಬೀಳುವ ಮುಂಚೆಯೇ ರಾಮಾಂಜನೇಯ ಹೊರಗೆ ಕಳಿಸಲು ಅಣ್ಣನ ರಟ್ಟೆಗೆ ಕೈ ಹಾಕಿದ.

"ಪಾರು, ನೀನರ ಕುಡದು ನೋಡು," ಎಂದು ಹೊಳಿಯಪ್ಪ ಬಾಟಲಿ ಚಾಚಿದ.

ಅದರಲ್ಲಿ ಬರೀ ನೀರಿದೆ ಎಂದು ಅವಳಿಗೆ ಗೊತ್ತಿತ್ತು. ಬೀಗರ ಮುಂದೆ ಮಾತು ಬೆಳೆಯಬಾರದೆಂದು ಮುಖ ತಿರುವಿದಳು. ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ತಂದೆ ಗಂಗಾವತಿ ಬಸ್ಸಿನಲ್ಲಿದ್ದ.

ವಾರ ಬಿಟ್ಟು ಕೇಂದ್ರಕ್ಕೆ ಹೋಗಿ ಮನೆಗೆ ಕರೆದಳು. ಅವನು ಬೈಯಲಿಲ್ಲ, ಬರಲೂ ಇಲ್ಲ.

"ಇಲ್ಲಿ ನನ್ನ ನಂಬ್ತಾರ, ಪಾರು. ಸತ್ತಮ್ಯಾಲೆ ಒಯ್ಯಿ. ಆದ್ರ ಆ ಮಂದಿ ಬಾಯಾಗ ಹಾಕ್ತಾರ, ಕುಣ್ಯಾಗ ಹಾಕ್ತಾರ. ಒಂದ ಹನಿ ಬ್ಯಾಡ. ಅಷ್ಟು ಮಾಡ್ತಿಯೇನು?"

"ಮಾಡ್ತೀನಿ," ಎಂದಳು ಪಾರ್ವತೆಮ್ಮ.

*

ಬಾಯಿಗೆ ಹಾಕಲು ಅವಳು ಬಿಡಲಿಲ್ಲ. ಹೆಣದ ಹಿಂದೆಯೇ ಸ್ಮಶಾನಕ್ಕೆ ನಡೆದು, ಕೊನೆಯ ಹಿಡಿ ಮಣ್ಣು ಬೀಳುವವರೆಗೆ ಕುಣಿಯ ಅಂಚು ಬಿಟ್ಟು ಕದಲಲಿಲ್ಲ. ಕುಣಿ ತೋಡಿದವರು ತಮ್ಮ ಪಾಲಿನ ಪಾಕೀಟು ಬೇವಿನ ಬುಡದಲ್ಲಿ ಕುಡಿದರು. ಅದು ಅವರ ಹಕ್ಕು, ಅವಳು ಅಡ್ಡ ಬರಲಿಲ್ಲ.

"ಆತು, ನಡ್ರಿ ಯಕ್ಕ. ಹಿಂದ ನೋಡಬ್ಯಾಡ್ರಿ," ಎಂದರು ಹಿರಿಯರು. ಮಣ್ಣು ಕೊಟ್ಟು ಹೊರಟವರು ತಿರುಗಿ ನೋಡುವಂತಿಲ್ಲ. ಅವಳು ಶಬ್ಬೀರಸಾಬನ ಜೊತೆ ನಡೆದಳು.

ಸ್ಮಶಾನದ ಬದು ದಾಟುವಷ್ಟರಲ್ಲಿ ಹಿಂದಿನಿಂದ ಅಳು ಕೇಳಿಸಿತು. "ಕುಡಿಯಣ್ಣಾ... ಅಕಿ ಹೋದ್ಲು. ಇನ್ನ ಯಾರೂ ನಿನಗ ಬ್ಯಾಡ ಅನ್ನಂಗಿಲ್ಲ..."

ಪಾರ್ವತೆಮ್ಮ ತಿರುಗಿ ನೋಡಿದಳು. ರಾಮಾಂಜನೇಯ ಮಣ್ಣಿನ ಗುಡ್ಡೆಯ ಮೇಲೆ ಬಿದ್ದು ಅಳುತ್ತಾ ಪಾಕೀಟು ಹಿಂಡುತ್ತಿದ್ದ. ಅವನ ಅಳು ಸುಳ್ಳಲ್ಲ. ಅಣ್ಣನನ್ನು ಪ್ರೀತಿಸುವ ಬೇರೆ ದಾರಿ ಆ ದರಿದ್ರ ಮನುಷ್ಯನಿಗೆ ಯಾರೂ ಕಲಿಸಿರಲಿಲ್ಲ.

"ಯಕ್ಕಾ, ತಿರುಗಬಾರದ್ರಿ!" ಎಂದು ಹಿರಿಯರು ಕೂಗಿದರು.

ಅವಳು ವಾಪಸು ಬಂದಳು. ಮಂಡಿಯೂರಿ ಕೂತು, ತೊಯ್ದ ಮಣ್ಣನ್ನು ಎರಡೂ ಕೈಯಿಂದ ಬಾಚಿ ದೂರ ಎಸೆದಳು. ಬಗ್ಗಿ ಮೂಸಿದಳು. ಮತ್ತೆ ಬಾಚಿದಳು. ವಾಸನೆ ಹೋದಮೇಲೆ ಎದ್ದು ಬದುವಿನ ತನಕ ನಡೆದು, ಬಿಸಿಲಿಗೆ ಕಾದ ಒಣಮಣ್ಣನ್ನು ಸೀರೆಯ ಉಡಿ ತುಂಬಿಕೊಂಡು ಬಂದು ಗಂಡನ ಎದೆಯ ಮೇಲೆ ಸುರಿದಳು. ಖಾಲಿ ಉಡಿ ಹಿಡಿದು ಮತ್ತೆ ಬದುವಿನ ಕಡೆ ಹೊರಟಳು.